ತಟ್ಟಿ ನುಡಿಸುವ ತಂತಿಗಳಿಗೆ ಯಾವ ಶ್ರುತಿ?

ವೈಣಿಕರು ಕಛೇರಿಗೆ ಕುಳಿತೊಡನೆ ಮಾಡುವ ಮೊದಲ ಕೆಲಸ ಬಿರಡೆಗಳನ್ನು ತಿರುಗಿಸಿ ಶ್ರುತಿ ಸೇರಿಸುವುದು. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ನಾಲ್ಕು ತಂತಿಗಳು ಯಾವ ಯಾವ ಸ್ವರದಲ್ಲಿ ನಿಲ್ಲಬೇಕೆಂಬ ವಿಷಯದಲ್ಲಿ ಅವರಿಗೆ ಸಂಶಯವೇ ಇಲ್ಲ. ಷಡ್ಜ, ಪಂಚಮ, ಷಡ್ಜ, ಪಂಚಮ; ಇದು ಗುರುಪರಂಪರೆಯಿಂದ ಬಂದ ಏರ್ಪಾಡು. ಹೀಗೇಕೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಹುಟ್ಟಿ ಇನ್ನೂ ಅರವತ್ತು ವರ್ಷ ತುಂಬದ ವಾದ್ಯವೊಂದು ಕೈಗೆ ಬಂದಾಗ ಈ ನೆಮ್ಮದಿ ಉಳಿಯುವುದಿಲ್ಲ. ಅಲ್ಲಿ ಪರಂಪರೆ ಎಳೆಯದು, ತಂತಿಗಳು ಹೆಚ್ಚು, ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಒಪ್ಪರು. ಕೊಂಡವನೇ ತನ್ನ ಶ್ರುತಿಕ್ರಮವನ್ನು ಆರಿಸಿಕೊಳ್ಳಬೇಕಾಗುತ್ತದೆ.

ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಈ ತೊಡಕಿಗೆ ಸಿಕ್ಕಿಕೊಂಡು ನನಗೊಂದು ದೀರ್ಘವಾದ ಪತ್ರ ಬರೆದ. ಅವನು ಕಾಲೇಜಿನ ದಿನಗಳಿಂದ ಗಿಟಾರ್ ನುಡಿಸುತ್ತ ಬಂದವನು. ಹೋದ ವರ್ಷ ಕೆಲವು ತಿಂಗಳುಗಳ ಉಳಿತಾಯವನ್ನೆಲ್ಲ ಸುರಿದು, ಮತ್ತೊಬ್ಬರು ಬಳಸಿದ್ದ ಹತ್ತು ತಂತಿಯ ತಟ್ಟುವಾದ್ಯವೊಂದನ್ನು ಕೊಂಡಿದ್ದ. ಮನೆಗೆ ತಂದ ದಿನವೇ ಅದರ ಮಂದ್ರಭಾಗದ ಐದು ತಂತಿಗಳನ್ನು ತನಗೆ ಗೊತ್ತಿದ್ದ ಗಿಟಾರಿನ ರೀತಿಗೆ ತಿರುಗಿಸಿಬಿಟ್ಟ. ಅಂದಿನಿಂದ ತಂತಿಗಳು ಜರ್ರೆಂದು ಮೆಟ್ಟಿಲಿಗೆ ತಗಲತೊಡಗಿದುವು. ಸ್ವರಗಳು ಒಂದಕ್ಕೊಂದು ಹೊಂದದೆ ಹೋದುವು. “ಮಾವ, ಕೆಟ್ಟದ್ದು ವಾದ್ಯವೋ ನನ್ನ ಕೈಯೋ ನೀವೇ ಹೇಳಿ. ಬಂದಷ್ಟಕ್ಕೆ ಮಾರಿಬಿಡೋಣ ಎಂದಿದ್ದೇನೆ” ಎಂದು ಪತ್ರವನ್ನು ಮುಗಿಸಿದ್ದ. ನಾನು ಭೌತಶಾಸ್ತ್ರವನ್ನು ಪಾಠ ಹೇಳಿ ನಿವೃತ್ತನಾದವನು. ವೀಣೆಯನ್ನು ಅಷ್ಟಿಷ್ಟು ಬಲ್ಲೆ. ಅವನಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ವಾಚಕರ ಮುಂದೆ ಇಡುತ್ತಿದ್ದೇನೆ. ಇಂಥ ವಾದ್ಯದ ಮಂದ್ರಭಾಗವನ್ನು ಪಂಚಮಾಂತರಗಳಲ್ಲಿಯೂ ರಾಗಭಾಗವನ್ನು ಮಧ್ಯಮಾಂತರಗಳಲ್ಲಿಯೂ ನಿಲ್ಲಿಸುವುದೇ ಮೇಲು, ರೂಢಿಯ ಬಲದಿಂದ ಎಲ್ಲವನ್ನೂ ಗಿಟಾರಿನಂತೆ ಮಾಡಿಕೊಳ್ಳುವುದು ನಷ್ಟ ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಉಂಟು, ಅವರ ವಾದದಲ್ಲಿಯೂ ಹುರುಳಿದೆ.

ಮೊದಲು ವಾದ್ಯದ ಪರಿಚಯವಾಗಬೇಕು. ಗಿಟಾರಿನಲ್ಲಿ ಎಡಗೈ ತಂತಿಯನ್ನು ಒತ್ತುತ್ತದೆ, ಬಲಗೈ ಮೀಟುತ್ತದೆ. ಒಂದು ಸ್ವರಕ್ಕೆ ಎರಡು ಕೈಗಳ ಕೆಲಸ. ಆದರೆ ವಿದ್ಯುತ್ ಗಿಟಾರಿನಲ್ಲಿ ತಂತಿಯ ಅತಿ ಸಣ್ಣ ಅದಿರಾಟವನ್ನೂ ಪಿಕಪ್ ಹಿಡಿದು ಧ್ವನಿವರ್ಧಕಕ್ಕೆ ಕೊಡುತ್ತದೆ. ಹೀಗಿರುವಾಗ ಮೀಟುವ ಅಗತ್ಯವೇ ಇಲ್ಲ. ಬೆರಳಿನಿಂದ ತಂತಿಯನ್ನು ಮೆಟ್ಟಿಲಿನ ಹಿಂದೆ ಚುರುಕಾಗಿ ತಟ್ಟಿದರೆ ಸಾಕು, ಸ್ವರ ನುಡಿಯುತ್ತದೆ. ಒತ್ತುವುದೂ ನುಡಿಸುವುದೂ ಒಂದೇ ಬೆರಳಿನ ಒಂದೇ ಕ್ರಿಯೆ. ಅಮೆರಿಕದ ಜಿಮ್ಮಿ ವೆಬ್‌ಸ್ಟರ್ ೧೯೫೨ರಲ್ಲೇ ಈ ವಿಧಾನವನ್ನು ಕುರಿತು ಪುಸ್ತಕ ಬರೆದಿದ್ದರು. ೧೯೬೯ರಲ್ಲಿ ಲಾಸ್ ಏಂಜಲೀಸಿನ ಎಮೆಟ್ ಚಾಪ್‌ಮನ್ ಎಂಬ ಗಿಟಾರ್ ವಾದಕರು ಎರಡು ಕೈಗಳನ್ನೂ ಎರಡು ಪಕ್ಕಗಳಿಂದ ಬೆರಳುಹಲಗೆಯ ಮೇಲೆ ತಂದು, ಎರಡರ ಬೆರಳುಗಳೂ ಮೆಟ್ಟಿಲುಗಳ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಕೂರುವಂತೆ ಮಾಡಿ ನೋಡಿದರು. ಪಿಯಾನೋದಲ್ಲಿ ಹೇಗೋ ಹಾಗೆ ಎಡಗೈಗೆ ಒಂದು ಸಂಗೀತ, ಬಲಗೈಗೆ ಒಂದು ಸಂಗೀತ ದೊರೆಯಿತು. ೧೯೭೪ರಲ್ಲಿ ಅವರು ಇದಕ್ಕಾಗಿಯೇ ರಚಿಸಿದ ವಾದ್ಯ ಮಾರಾಟಕ್ಕೆ ಬಂತು. ಹೆಸರು ‘ಸ್ಟಿಕ್’, ಅಂದರೆ ಬರಿಯ ಕೋಲು, ನೋಡುವುದಕ್ಕೂ ಹಾಗೆಯೇ. ಬುರುಡೆಯಿಲ್ಲ, ಕೊಡವಿಲ್ಲ, ಅಗಲವಾದ ಒಂದು ದಂಡಿ, ಅದರ ಮೇಲೆ ಹತ್ತು ತಂತಿ. ‘ಕಿಂಗ್ ಕ್ರಿಮ್ಸನ್’ ಎಂಬ ವಾದ್ಯಗೋಷ್ಠಿಯ ೧೯೮೧ರ ‘ಡಿಸಿಪ್ಲಿನ್’ ಧ್ವನಿಮುದ್ರಿಕೆಯಲ್ಲಿ ಟೋನಿ ಲೆವಿನ್ ಇದನ್ನು ನುಡಿಸಿದ ಮೇಲೆ ಬಹಳ ಜನಕ್ಕೆ ಇದರ ಪರಿಚಯವಾಯಿತು. ಚಾಪ್‌ಮನ್ ೨೦೨೧ರಲ್ಲಿ ತೀರಿಕೊಂಡರು. ಇದೇ ಜಾತಿಯ ಬೇರೆ ವಾದ್ಯಗಳನ್ನೂ ಈಚೆಗೆ ಅನೇಕರು ಮಾಡುತ್ತಿದ್ದಾರೆ.

ಇನ್ನು ಎರಡು ಪದಗಳನ್ನು ಗೊತ್ತುಮಾಡಿಕೊಳ್ಳೋಣ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳು. ದಂಡಿಯ ಮೇಲೆ ಒಂದೊಂದು ಸ್ವರಸ್ಥಾನಕ್ಕೆ ಒಂದೊಂದು ಮೆಟ್ಟಿಲು. ಷಡ್ಜದಿಂದ ಶುದ್ಧಮಧ್ಯಮಕ್ಕೆ ಐದು ಮೆಟ್ಟಿಲು. ಇದನ್ನು ಮಧ್ಯಮಾಂತರ ಎನ್ನುತ್ತೇನೆ. ಷಡ್ಜದಿಂದ ಪಂಚಮಕ್ಕೆ ಏಳು ಮೆಟ್ಟಿಲು, ಇದು ಪಂಚಮಾಂತರ. ಚಾಪ್‌ಮನ್ನರ ಹತ್ತು ತಂತಿಯ ಮೂಲ ಶ್ರುತಿಕ್ರಮದಲ್ಲಿ ಬಲಗೈಯ ಐದು ತಂತಿಗಳು ಮಧ್ಯಮಾಂತರದಲ್ಲಿ ಏರುತ್ತವೆ. ಪಾಶ್ಚಾತ್ಯ ಹೆಸರಿನಿಂದ ಹೇಳುವುದಾದರೆ ‘ಎಫ್ ಶಾರ್ಪ್’, ‘ಬಿ’, ‘ಇ’, ‘ಎ’, ‘ಡಿ’. ಎಡಗೈಯ ಐದು ತಂತಿಗಳು ಪಂಚಮಾಂತರದಲ್ಲಿ ಏರುತ್ತವೆ. ‘ಸಿ’, ‘ಜಿ’, ‘ಡಿ’, ‘ಎ’, ‘ಇ’. ಎರಡು ಗುಂಪಿನ ತಗ್ಗಿನ ತಂತಿಗಳೂ ದಂಡಿಯ ನಡುವೆ ನೆರೆಹೊರೆಯಾಗಿವೆ. ನಡುವಿನಿಂದ ಎರಡು ಅಂಚಿನ ಕಡೆಗೂ ಸ್ವರ ಏರುತ್ತದೆ. ಚೆಲೋ ವಾದ್ಯದ ನಾಲ್ಕು ತಂತಿಗಳನ್ನು ಒಂದು ಸ್ಥಾಯಿ ಕೆಳಗಿಳಿಸಿ, ಮೇಲೊಂದು ‘ಇ’ ಸೇರಿಸಿದರೆ ಈ ಎಡಗೈಯ ಭಾಗವಾಯಿತು. ಅದರ ಅತಿ ತಗ್ಗಿನ ‘ಸಿ’ ಸೆಕೆಂಡಿಗೆ ೩೨.೭ ಸಲ ಕಂಪಿಸುತ್ತದೆ.

ಈಗ ವಿಷಯದ ತಿರುಳಿಗೆ ಬರೋಣ. ಬೆರಳೊತ್ತದ ತಂತಿಯನ್ನು ಬಿಟ್ಟ ತಂತಿ ಎನ್ನೋಣ. ವೀಣೆಯಲ್ಲಿ ಬಿಟ್ಟ ತಂತಿ ಮುಖ್ಯವಾದ ಸ್ವರ. ಪಕ್ಕದ ಮೂರು ತಾಳದ ತಂತಿಗಳಂತೂ ಯಾವಾಗಲೂ ಬಿಟ್ಟ ತಂತಿಗಳೇ. ರಾಗದ ಬೆನ್ನಿಗೆ ನಿಂತು ಶ್ರುತಿ ಹಿಡಿಯುವುದು ಅವುಗಳ ಕೆಲಸ. ಆದುದರಿಂದ ಅವು ಷಡ್ಜಪಂಚಮಗಳಲ್ಲದೆ ಬೇರೆಲ್ಲೂ ನಿಲ್ಲುವಂತಿಲ್ಲ. ಗಿಟಾರಿನಲ್ಲಿಯೂ ಬಿಟ್ಟ ತಂತಿಗೆ ಬೆಲೆಯುಂಟು. ಅದರ ಆರು ತಂತಿಗಳು ‘ಇ’, ‘ಎ’, ‘ಡಿ’, ‘ಜಿ’, ‘ಬಿ’, ‘ಇ’. ಎಲ್ಲ ಕಡೆಯೂ ಐದು ಮೆಟ್ಟಿಲಿನ ಅಂತರ, ‘ಜಿ’ ಮತ್ತು ‘ಬಿ’ಗಳ ನಡುವೆ ಮಾತ್ರ ನಾಲ್ಕು. ಈ ಒಂದು ಸೊಟ್ಟು ಏತಕ್ಕೆಂದರೆ, ಮೊದಲ ಮತ್ತು ಕೊನೆಯ ತಂತಿಗಳು ಒಂದೇ ಹೆಸರಿನ ಸ್ವರಗಳಾಗಿ, ಬಿಟ್ಟ ತಂತಿಗಳನ್ನೂ ಸೇರಿಸಿಕೊಂಡು ಸ್ವರಮೇಳಗಳನ್ನು ಸುಲಭವಾಗಿ ಹಿಡಿಯಲು ಅನುಕೂಲವಾಗಲಿ ಎಂದು. ತಟ್ಟುವಾದ್ಯದಲ್ಲಾದರೋ ಬಿಟ್ಟ ತಂತಿ ನುಡಿಯುವುದೇ ಇಲ್ಲ. ತಟ್ಟಿದ ಬೆರಳಿಗೂ ಬಿರಡೆಗೂ ನಡುವೆ ಉಳಿಯುವ ತುಂಡು ವೃಥಾ ಮೊರೆಯದಂತೆ ಅಲ್ಲೊಂದು ಮೆತ್ತನೆಯ ಪಟ್ಟಿಯನ್ನು ತಗಲಿಸಿ ಅದರ ಬಾಯಿ ಕಟ್ಟಿರುತ್ತಾರೆ. ಕೇಳುವ ಪ್ರತಿಯೊಂದು ಸ್ವರವೂ ಯಾವುದೋ ಬೆರಳಿನ ಕೆಳಗಿನಿಂದ ಹುಟ್ಟಿದ್ದು.

ಇದರಿಂದ ಹೊರಡುವ ಪರಿಣಾಮವನ್ನು ನನ್ನ ಸೋದರಳಿಯನಂಥವರು ಗಮನಿಸುವುದಿಲ್ಲ. ವೀಣೆಯಲ್ಲಿ ಶ್ರುತಿಕ್ರಮವೆಂದರೆ ಕಿವಿಗೆ ಬೀಳುವ ನಾದ. ತಟ್ಟುವಾದ್ಯದಲ್ಲಿ ಅದು ಸ್ವರಗಳ ಊರಿಗೆ ಬರೆದ ನಕ್ಷೆ. ಯಾವ ಸ್ವರದ ಪಕ್ಕದಲ್ಲಿ ಯಾವ ಸ್ವರ ಇರಬೇಕು, ಒಂದು ಅಂಗೈಯ ಕೆಳಗೆ ಎಷ್ಟು ಸ್ವರ ಸಿಕ್ಕಬೇಕು ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ನಕ್ಷೆಯಲ್ಲಿ ಸೊಟ್ಟು ಇರಬೇಕಾದ ಕಾರಣವಿಲ್ಲ. ಅಂತರ ಎಲ್ಲ ಕಡೆಯೂ ಒಂದೇ ಆಗಿದ್ದರೆ ಒಮ್ಮೆ ಕಲಿತ ಬೆರಳಿನ ವಿನ್ಯಾಸ ದಂಡಿಯ ಯಾವ ಮೂಲೆಗೆ ಹೋದರೂ ಕೆಡುವುದಿಲ್ಲ. ಅಮೆರಿಕದ ಸ್ಟ್ಯಾನ್ಲಿ ಜಾರ್ಡನ್ ಸಾಮಾನ್ಯ ಗಿಟಾರಿನ ಮೇಲೆಯೇ ಎರಡು ಕೈಗಳಿಂದ ತಟ್ಟಿ ನುಡಿಸಿ ಹೆಸರಾದವರು. ಅವರು ಕೂಡ ಆ ಸೊಟ್ಟನ್ನು ತೆಗೆದುಹಾಕಿ ಆರು ತಂತಿಗಳನ್ನೂ ಮಧ್ಯಮಾಂತರದಲ್ಲಿಯೇ ನಿಲ್ಲಿಸಿಕೊಂಡಿದ್ದಾರೆ. ಆದುದರಿಂದ ಗಿಟಾರಿನ ಶ್ರುತಿಯನ್ನು ಇದ್ದಂತೆಯೇ ತಂದು ಹೇರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಉಳಿಯುವ ಆಯ್ಕೆ ಎರಡೇ, ಐದೋ ಏಳೋ.

ರಾಗವು ನಡೆಯುತ್ತದೆ, ಮಂದ್ರವು ಹಾರುತ್ತದೆ. ಹಾಡಿನ ಮೇಲ್ಭಾಗ ಬಹುಮಟ್ಟಿಗೆ ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ಹೋಗುವಂಥದು. ನಾಲ್ಕು ಬೆರಳುಗಳನ್ನು ನಾಲ್ಕು ಮೆಟ್ಟಿಲುಗಳ ಮೇಲಿಟ್ಟರೆ, ಮಧ್ಯಮಾಂತರದಲ್ಲಿ ಒಂದು ತಂತಿಗೂ ಮುಂದಿನ ತಂತಿಗೂ ನಡುವೆ ಬೆರಳಿಗೆ ಸಿಕ್ಕದೆ ಉಳಿಯುವ ಸ್ವರಸ್ಥಾನ ಒಂದೇ ಒಂದು. ಅದನ್ನು ಸ್ವಲ್ಪ ಬೆರಳು ಚಾಚಿ ಹಿಡಿಯಬಹುದು. ಪಂಚಮಾಂತರದಲ್ಲಿ ಹಾಗೆ ಉಳಿಯುವುವು ಮೂರು, ಅಂಗೈಯನ್ನೇ ಸರಿಸಬೇಕು. ಬೇಸ್ ಗಿಟಾರಿನಲ್ಲಿ ತಂತಿಯ ಉದ್ದ ವಾಡಿಕೆಯಾಗಿ ೩೪ ಅಂಗುಲ, ಸುಮಾರು ೮೬ ಸೆಂಟಿಮೀಟರು. ಈ ಉದ್ದದಲ್ಲಿ ಮೊದಲ ಮೆಟ್ಟಿಲಿನಿಂದ ಏಳು ಮೆಟ್ಟಿಲು ಆಚೆಗೆ ಹೋಗಬೇಕಾದರೆ ೨೭ ಸೆಂಟಿಮೀಟರು. ಅದು ನನ್ನ ಗೇಣಿಗಿಂತ ಹೆಚ್ಚು. ಹನ್ನೆರಡನೆಯ ಮೆಟ್ಟಿಲಿನಿಂದ ಅಷ್ಟೇ ಮೆಟ್ಟಿಲುಗಳಿಗೆ ೧೪ ಸೆಂಟಿಮೀಟರು ಸಾಕು. ಮೇಲೆ ಹೋದಂತೆ ಮೆಟ್ಟಿಲುಗಳು ಒತ್ತೊತ್ತಾಗುತ್ತವೆ ಎಂಬುದು ನಿಜ. ಆದರೂ ಚುರುಕಾದ ರಾಗಸಂಚಾರಕ್ಕೆ ಮಧ್ಯಮಾಂತರವೇ ಕೈಗೆ ಹಿತ. ಈ ವಿಷಯದಲ್ಲಿ ಹೆಚ್ಚು ಜಗಳವಿಲ್ಲ.

ಜಗಳವಿರುವುದು ಎಡಗೈಯಲ್ಲಿ. ಅಲ್ಲಿ ಬೇಕಾದ್ದು ಬೇರೆ. ತಳಹದಿಯ ಒಂದು ಸ್ವರ, ಅದರ ಮೇಲೆ ಸ್ವರಮೇಳದ ಉಳಿದ ಸ್ವರಗಳು, ಮತ್ತೆ ದೂರದ ತಳಹದಿಗೆ ನೆಗೆತ. ಐದು ತಂತಿ, ನಾಲ್ಕು ಮೆಟ್ಟಿಲು, ಅಂಗೈ ಕದಲದು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಮಧ್ಯಮಾಂತರದಲ್ಲಿ ಸಿಕ್ಕುವ ವಿಸ್ತಾರ ೨೩ ಸ್ವರಸ್ಥಾನ. ಎರಡು ಸ್ಥಾಯಿಗೆ ಒಂದು ಕಡಮೆ. ಪಂಚಮಾಂತರದಲ್ಲಿ ೩೧, ಎರಡು ಸ್ಥಾಯಿ ಮುಗಿದು ಮೇಲೊಂದು ಪಂಚಮ. ಇನ್ನೊಂದು ಉದಾಹರಣೆ ನೋಡಿ. ಷಡ್ಜ, ಪಂಚಮ, ಮೇಲಿನ ಸ್ಥಾಯಿಯ ಅಂತರಗಾಂಧಾರ ಎಂಬ ಮೂರು ಸ್ವರಗಳ ಮೇಳವನ್ನು ಪಂಚಮಾಂತರದಲ್ಲಿ ಹಿಡಿಯಲು ಪಕ್ಕಪಕ್ಕದ ಮೂರು ತಂತಿ ಸಾಕು. ಮೊದಲೆರಡು ಒಂದೇ ಮೆಟ್ಟಿಲು, ಮೂರನೆಯದು ಎರಡು ಮೆಟ್ಟಿಲು ಮೇಲೆ. ಸಾಧಾರಣಗಾಂಧಾರ ಬೇಕಾದರೆ ಒಂದೇ ಮೆಟ್ಟಿಲು ಮೇಲೆ. ಮಧ್ಯಮಾಂತರದಲ್ಲಿಯೂ ಈ ಮೇಳ ಸಿಕ್ಕದೆಂದಲ್ಲ. ಆದರೆ ಅದು ನಾಲ್ಕು ತಂತಿಗಳಷ್ಟು ಅಗಲಕ್ಕೆ ಹರಡುತ್ತದೆ. ಐದೇ ತಂತಿಗಳಿರುವಲ್ಲಿ ತಳಹದಿಯನ್ನು ಎರಡು ತಂತಿಗಳ ಮೇಲೆ ಮಾತ್ರ ಇಡಬಹುದು. ಪಂಚಮಾಂತರದಲ್ಲಿ ಮೂರರ ಮೇಲೆ ಇಡಬಹುದು.

ಇಷ್ಟೊಂದು ಹರಡಿಕೆ ಏತಕ್ಕೆ, ಸ್ವರಗಳು ಒತ್ತಾಗಿದ್ದರೇನು ಎಂದು ಕೇಳಬಹುದು. ಉತ್ತರವನ್ನು ಕಿವಿ ಹೇಳುತ್ತದೆ. ಹತ್ತಿರಹತ್ತಿರದ ಎರಡು ಸ್ವರಗಳು ಕೂಡಿ ನುಡಿದಾಗ ನಾದ ಏರುತ್ತ ಇಳಿಯುತ್ತ ನಡುಗುತ್ತದೆ. ವಿಜ್ಞಾನಿಗಳು ಇದನ್ನು ವಿಸ್ಪಂದವೆನ್ನುತ್ತಾರೆ. ತಂಬೂರಿಯ ಎರಡು ತಂತಿಗಳು ಇನ್ನೇನು ಕೂಡಬೇಕೆಂಬಾಗ ಕೇಳಿಸುವ ನಿಧಾನವಾದ ಅಲೆಯೇ ಇದು. ಅಲೆ ಸೆಕೆಂಡಿಗೆ ಒಂದೆರಡಾದರೆ ಇಂಪು. ಹದಿನೈದು ಇಪ್ಪತ್ತಾದರೆ ಅದು ಅಲೆಯಾಗಿ ಕೇಳದೆ ಒರಟು ಗೊರಗೊರವಾಗಿ ಕೇಳುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ೧೮೬೩ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಸ್ವರಗಳ ಕಲಹಕ್ಕೆ ಇದನ್ನೇ ಕಾರಣವಾಗಿ ಹೇಳಿದ. ೧೯೬೫ರಲ್ಲಿ ನೆದರ್ಲೆಂಡಿನ ಪ್ಲೋಂಪ್ ಮತ್ತು ಲೆವೆಲ್ಟ್ ಎಂಬಿಬ್ಬರು ಪ್ರಯೋಗಗಳಿಂದ ಇದನ್ನು ಇನ್ನಷ್ಟು ಖಚಿತಪಡಿಸಿದರು. ಒಳಗಿವಿಯಲ್ಲಿ ಒಂದೊಂದು ಸ್ವರವೂ ಒಂದು ಪಟ್ಟಿಯಷ್ಟು ಜಾಗವನ್ನು ಆಕ್ರಮಿಸುತ್ತದೆ. ಎರಡು ಸ್ವರಗಳ ಪಟ್ಟಿಗಳು ಒಂದರ ಮೇಲೊಂದು ಬಿದ್ದರೆ ಒರಟುತನ ಹುಟ್ಟುತ್ತದೆ. ತಗ್ಗಿನ ಸ್ವರಗಳ ಪ್ರದೇಶದಲ್ಲಿ ಈ ಪಟ್ಟಿಯ ಅಗಲ ಸೆಕೆಂಡಿಗೆ ಸುಮಾರು ನೂರು ಕಂಪನಗಳಷ್ಟು. ಮೇಲಿನ ಸ್ಥಾಯಿಯಲ್ಲಿ ಷಡ್ಜಗಾಂಧಾರಗಳ ವ್ಯತ್ಯಾಸ ಈ ಅಗಲವನ್ನು ಸುಲಭವಾಗಿ ದಾಟುತ್ತದೆ, ಮಂದ್ರದಲ್ಲಿ ದಾಟುವುದಿಲ್ಲ. ಸೆಕೆಂಡಿಗೆ ೬೫.೪ ಕಂಪನದ ‘ಸಿ’ ಜೊತೆಗೆ ೮೨.೪ರ ‘ಇ’ಯನ್ನು ನುಡಿಸಿದರೆ ವ್ಯತ್ಯಾಸ ೧೭, ಕೆಸರಿನಲ್ಲಿ ನಡೆದಂತೆ ಕೇಳುತ್ತದೆ. ಅದೇ ‘ಇ’ಯನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ ೧೬೪.೮ರಲ್ಲಿ ನುಡಿಸಿದರೆ ವ್ಯತ್ಯಾಸ ಸುಮಾರು ೯೯ ಆಗಿ, ಎರಡು ಸ್ವರಗಳೂ ಬಿಡಿಬಿಡಿಯಾಗಿ ಸ್ಪಷ್ಟವಾಗುತ್ತವೆ. ಪಿಯಾನೋ ನುಡಿಸುವವರ ಎಡಗೈ ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿ ಮೇಳಗಳನ್ನು ಹಿಡಿಯುವುದು ಇದರಿಂದಲೇ. ಪಂಚಮಾಂತರದ ತಂತಿಗಳು ಈ ಹರಡಿಕೆಯನ್ನು ಕೈಯ ವಿನ್ಯಾಸದಲ್ಲಿಯೇ ತಂದುಕೊಡುತ್ತವೆ. ಬುದ್ಧಿ ಮರೆತರೂ ಬೆರಳು ಮರೆಯದು.

ಎದುರುವಾದವನ್ನೂ ಕೇಳಬೇಕು. ಎರಡು ಕೈಗಳಿಗೂ ಮಧ್ಯಮಾಂತರವೇ ಇದ್ದರೆ ಕಲಿಯಬೇಕಾದ ನಕ್ಷೆ ಒಂದೇ. ಒಂದು ಕೈ ಕಂಡುಕೊಂಡದ್ದನ್ನು ಮತ್ತೊಂದು ಕೈ ಕೂಡಲೆ ಬಳಸಿಕೊಳ್ಳಬಹುದು. ಬೇಸ್ ಗಿಟಾರಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಮಧ್ಯಮಾಂತರ ರಕ್ತದಲ್ಲಿಯೇ ಇರುತ್ತದೆ. ಜಾಸ್ ಸಂಗೀತದಲ್ಲಿ ಮಂದ್ರವು ಹಾರದೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆಯುವ ಒಂದು ಶೈಲಿಯಿದೆ. ಅದಕ್ಕೆ ಪಂಚಮಾಂತರ ತೊಡಕೇ ಸರಿ. ಇವೆಲ್ಲ ನಿಜ. ಹೆಚ್ಚಾಗಿ ಒಂಟಿ ಎಳೆಯ ಮಂದ್ರಸಂಗೀತವನ್ನೇ ನುಡಿಸುವೆನೆನ್ನುವವನು ಮಧ್ಯಮಾಂತರವನ್ನು ಆರಿಸಿಕೊಂಡರೆ ನಾನು ತಪ್ಪೆನ್ನಲಾರೆ. ಆದರೆ ಅಂಥವನಿಗೆ ಹತ್ತು ತಂತಿಯ ವಾದ್ಯ ಏತಕ್ಕೆ ಬೇಕಾಯಿತು ಎಂಬ ಪ್ರಶ್ನೆ ಮಾತ್ರ ನನ್ನ ಮನಸ್ಸಿನಿಂದ ಹೋಗದು. ತಗ್ಗಿನ ‘ಸಿ’ಯಿಂದ ಮಧ್ಯಮಾಂತರದಲ್ಲಿ ಏರಿದರೆ ಐದನೆಯ ತಂತಿ ‘ಎ ಫ್ಲಾಟ್’ ಆಗಿ, ಬಲಗೈಯ ಅತಿ ತಗ್ಗಿನ ತಂತಿಯ ನೆರೆಯಲ್ಲೇ ನಿಂತುಬಿಡುತ್ತದೆ. ಎಡಗೈ ಸ್ವರಮೇಳ ಹಿಡಿದು ಬಲಗೈಯ ರಾಗಕ್ಕೆ ಜೊತೆ ಕೊಡಬೇಕಾದ ನಡುಸ್ಥಾಯಿಯ ಪ್ರದೇಶ ಅದರಿಂದ ಮೇಲೆ. ಅಲ್ಲಿಗೆ ಹೋಗಬೇಕಾದರೆ ಎಡಗೈ ದಂಡಿಯ ಮೇಲ್ತುದಿಗೆ ಹತ್ತಬೇಕು. ಹತ್ತಿದರೆ ಮಂದ್ರವನ್ನು ಬಿಟ್ಟುಹೋಗಬೇಕು.

ಇದಕ್ಕಿಂತ ದೊಡ್ಡ ಅನರ್ಥ ಬೇರೊಂದಿದೆ. ನನ್ನ ಸೋದರಳಿಯ ಕೆಟ್ಟದ್ದು ಅದರಿಂದ. ಫ್ರಾನ್ಸಿನ ಮೆರ್ಸೆನ್ ೧೬೩೬ರಲ್ಲಿ ಪ್ರಕಟಿಸಿದ ತಂತಿಯ ನಿಯಮಗಳು ಇಂದಿಗೂ ಎಲ್ಲ ಶಾಲೆಗಳಲ್ಲಿ ಪಾಠವಾಗುತ್ತಿವೆ. ಕಂಪನಸಂಖ್ಯೆಯು ತಂತಿಯ ಉದ್ದಕ್ಕೆ ವಿಲೋಮವಾಗಿಯೂ, ಬಿಗಿತದ ವರ್ಗಮೂಲಕ್ಕೆ ಅನುಲೋಮವಾಗಿಯೂ, ಉದ್ದದ ಒಂದು ಮಾನಕ್ಕಿರುವ ತೂಕದ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. ವರ್ಗಮೂಲವೆಂಬ ಮಾತನ್ನು ಜನ ಓದಿ ಮರೆಯುತ್ತಾರೆ. ಅದರ ಅರ್ಥವೇನೆಂದರೆ ಸ್ವರವನ್ನು ಸ್ವಲ್ಪ ಬದಲಿಸಲು ಬಿಗಿತವನ್ನು ಬಹಳ ಬದಲಿಸಬೇಕು. ಇದ್ದ ತಂತಿಗಳನ್ನೇ ಇಟ್ಟುಕೊಂಡು ‘ಜಿ’ಯನ್ನು ‘ಎಫ್’ಗೆ ಇಳಿಸಿದರೆ ಬಿಗಿತ ನೂರಕ್ಕೆ ೭೯ ಉಳಿಯುತ್ತದೆ. ‘ಡಿ’ಯನ್ನು ‘ಬಿ ಫ್ಲಾಟ್’ಗೆ ಇಳಿಸಿದರೆ ೬೩. ‘ಎ’ಯನ್ನು ‘ಇ ಫ್ಲಾಟ್’ಗೆ ಇಳಿಸಿದರೆ ೫೦. ಕೊನೆಯ ‘ಇ’ಯನ್ನು ‘ಎ ಫ್ಲಾಟ್’ಗೆ ಇಳಿಸಿದರೆ ಉಳಿಯುವುದು ೪೦ ಮಾತ್ರ. ಅರ್ಧಕ್ಕಿಂತ ಹೆಚ್ಚು ಬಿಗಿತ ಹೋದ ತಂತಿ ಜೋತಾಡದೆ ಇನ್ನೇನು ಮಾಡೀತು? ಒಟ್ಟು ಸೆಳೆತ ಕಡಮೆಯಾದಾಗ ದಂಡಿಯ ಬಾಗು ಕೂಡ ಬದಲಾಗಿ, ತಂತಿ ಮೆಟ್ಟಿಲುಗಳಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಸ್ವರಗಳು ಹೊಂದದೆ ಹೋದುದಕ್ಕೂ ಇದೇ ಕಾರಣ. ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಅದು ಕೊಂಚ ಹಿಗ್ಗಿ ಬಿಗಿತ ಕೊಂಚ ಏರುತ್ತದೆ. ಸ್ವರ ಕೊಂಚ ಮೇಲೇಳುತ್ತದೆ. ಈ ಏರಿಕೆ ತಂತಿಯ ಲೋಹ, ದಪ್ಪ ಮತ್ತು ಒತ್ತಿದ ಆಳಗಳನ್ನು ಅವಲಂಬಿಸಿದೆಯೇ ಹೊರತು ತಂತಿ ಮೊದಲು ಎಷ್ಟು ಬಿಗಿಯಾಗಿತ್ತೆಂಬುದನ್ನಲ್ಲ. ಹತ್ತಕ್ಕೆ ಒಂದು ಸೇರಿಸುವುದಕ್ಕೂ ನಾಲ್ಕಕ್ಕೆ ಒಂದು ಸೇರಿಸುವುದಕ್ಕೂ ಅಂತರವಿಲ್ಲವೆ? ಬಿಗಿತ ನೂರಕ್ಕೆ ೪೦ಕ್ಕೆ ಇಳಿದ ತಂತಿಯಲ್ಲಿ ಸ್ವರದ ತಪ್ಪು ಎರಡೂವರೆ ಪಟ್ಟು ಆಗುತ್ತದೆ. ತಟ್ಟುವ ಬೆರಳು ಒಮ್ಮೆ ಹಗುರ ಒಮ್ಮೆ ಭಾರ. ತಪ್ಪೂ ಅದರಂತೆ ಏರಿಳಿಯುತ್ತದೆ. ಕೆಟ್ಟದ್ದು ವಾದ್ಯವೂ ಅಲ್ಲ, ಹುಡುಗನ ಕೈಯೂ ಅಲ್ಲ. ಮಧ್ಯಮಾಂತರವೇ ಬೇಕೆಂದಿದ್ದರೆ ಅವನು ತಂತಿಗಳನ್ನೇ ಬದಲಿಸಬೇಕಾಗಿತ್ತು. ಹಳೆಯ ಬಿಗಿತ ಉಳಿಯಬೇಕಾದರೆ ಆ ಐದನೆಯ ತಂತಿಯ ತೂಕ ಎರಡೂವರೆ ಪಟ್ಟಾಗಬೇಕು, ಅಂದರೆ ದಪ್ಪ ಸುಮಾರು ೧.೬ ಪಟ್ಟಾಗಬೇಕು. ದಪ್ಪ ತಂತಿಗೆ ಕುದುರೆಯ ಎತ್ತರವನ್ನೂ ಸ್ಥಾನವನ್ನೂ ಮತ್ತೆ ಹೊಂದಿಸಬೇಕು. ಬಿರಡೆ ತಿರುಗಿಸಿದರೆ ಮುಗಿಯುವ ಕೆಲಸ ಇದಲ್ಲ. ಮನೆಯ ಗೋಡೆಗಳನ್ನು ಸರಿಸಿದಷ್ಟು ಕೆಲಸ.

ತಗ್ಗಿನ ಕಡೆಗೆ ಹೀಗೆ ದಪ್ಪದಿಂದ ಪರಿಹಾರ ದೊರೆತೀತು. ಅಲ್ಲಿಯೂ ಬರಿಯ ದಪ್ಪ ತಂತಿ ಸರಳಿನಂತೆ ಬಿರುಸಾಗಿ ಉಪಸ್ವರಗಳನ್ನು ಕೆಡಿಸುವುದರಿಂದ ತೆಳುವಾದ ಎಳೆಯ ಮೇಲೆ ಬೇರೊಂದು ತಂತಿಯನ್ನು ಸುತ್ತುತ್ತ ಬಂದಿದ್ದಾರೆ. ಮೇಲಿನ ಕಡೆಗೆ ಮಾತ್ರ ಯಾವ ಉಪಾಯವೂ ಸಾಗದು. ತೆಳು ತಂತಿ ಹಾಕಿದರೆ ಇನ್ನೂ ಮೇಲಕ್ಕೆ ಹೋಗಬಹುದೆಂದು ಬಹಳ ಜನ ನಂಬಿದ್ದಾರೆ. ತೆಳುವಾದಷ್ಟೂ ತೂಕ ಕಡಮೆಯಾಗುವುದು ನಿಜ. ಆದರೆ ಹರಿಯದೆ ತಡೆಯುವ ಶಕ್ತಿಯೂ ಅದೇ ಪ್ರಮಾಣದಲ್ಲಿ ಕಡಮೆಯಾಗುತ್ತದೆ. ಭಾಗಿಸಿದಾಗ ದಪ್ಪವೇ ಲೆಕ್ಕದಿಂದ ಹೊರಬೀಳುತ್ತದೆ! ಉದ್ದವನ್ನು ಗೊತ್ತುಮಾಡಿದ ಮೇಲೆ ಉಕ್ಕಿನ ತಂತಿ ಏರಬಹುದಾದ ಸ್ವರಕ್ಕೆ ಒಂದು ಮೇಲ್ಮಿತಿ ನಿಂತುಹೋಗುತ್ತದೆ. ಚದರ ಮಿಲಿಮೀಟರಿಗೆ ಸುಮಾರು ೨,೫೦೦ ನ್ಯೂಟನ್ ಸೆಳೆತವನ್ನು ತಡೆಯುವ ಒಳ್ಳೆಯ ಉಕ್ಕಾದರೆ, ೮೬ ಸೆಂಟಿಮೀಟರ್ ಉದ್ದಕ್ಕೆ ಈ ಮಿತಿ ಸೆಕೆಂಡಿಗೆ ಸುಮಾರು ೩೨೫ ಕಂಪನ. ಬಲಗೈಯ ಅತಿ ಎತ್ತರದ ‘ಡಿ’ ೨೯೩.೭ರಲ್ಲಿದೆ. ಕಾಲು ಮಿಲಿಮೀಟರ್ ದಪ್ಪದ ತಂತಿಯನ್ನು ಅಲ್ಲಿ ನಿಲ್ಲಿಸಲು ಹತ್ತು ಕಿಲೋಗ್ರಾಂ ತೂಕ ನೇತುಹಾಕಿದಷ್ಟು ಸೆಳೆತ ಬೇಕು. ಅದು ಹರಿಯುವ ಸೆಳೆತದ ನೂರಕ್ಕೆ ೮೦ರಷ್ಟು. ಉಳಿದಿರುವ ಅವಕಾಶ ಅಷ್ಟೇ.

ಇದಕ್ಕೊಂದು ಸೊಗಸಾದ ನಿದರ್ಶನವುಂಟು. ಇಂಗ್ಲೆಂಡಿನ ರಾಬರ್ಟ್ ಫ್ರಿಪ್ ೧೯೮೩ರಲ್ಲಿ ಗಿಟಾರಿಗೆ ಒಂದು ಹೊಸ ಶ್ರುತಿಕ್ರಮವನ್ನು ಕಲ್ಪಿಸಿದರು. ‘ಸಿ’, ‘ಜಿ’, ‘ಡಿ’, ‘ಎ’, ‘ಇ’ ಎಂದು ಪಂಚಮಾಂತರದಲ್ಲಿ ಏರಿ ಬಂದು ಆರನೆಯದು ಮಾತ್ರ ‘ಜಿ’. ನ್ಯಾಯವಾಗಿ ಅದು ‘ಬಿ’ ಆಗಬೇಕಾಗಿತ್ತು. ಏಕೆ ಆಗಲಿಲ್ಲ? ಗಿಟಾರಿನ ತಂತಿಯ ಉದ್ದ ಸುಮಾರು ೬೫ ಸೆಂಟಿಮೀಟರು. ಮೇಲಿನ ಲೆಕ್ಕದಂತೆ ಅಲ್ಲಿಯ ಮಿತಿ ಸುಮಾರು ೪೩೪ ಕಂಪನ. ಆ ‘ಬಿ’ ಇರುವುದು ೪೯೩.೯ರಲ್ಲಿ, ತಂತಿ ಹರಿದೇ ಹರಿಯುತ್ತದೆ. ಒಂದು ಸ್ವರ ಕೆಳಗಿನ ‘ಎ’ ೪೪೦. ಅದೂ ಮಿತಿಯ ಆಚೆಯೇ. ‘ಜಿ’ ೩೯೨; ನಿಲ್ಲುತ್ತದೆ. ಸಂಗೀತದ ಯಾವುದೋ ಗೂಢವಾದ ತತ್ತ್ವವನ್ನು ಆ ಕೊನೆಯ ‘ಜಿ’ಯಲ್ಲಿ ಹುಡುಕುವವರಿದ್ದಾರೆ. ಉಕ್ಕಿನ ತತ್ತ್ವವಲ್ಲದೆ ನನಗೆ ಬೇರೇನೂ ಕಾಣಲಿಲ್ಲ.

ಹೀಗಿರಲು ಶ್ರುತಿಕ್ರಮವನ್ನು ಆರಿಸುವುದು ಅಂಗಿಯ ಬಣ್ಣವನ್ನು ಆರಿಸಿದಂತೆ ಕೇವಲ ರುಚಿಯ ಮಾತು ಎಂಬುದನ್ನು ನಾನು ಒಪ್ಪಲಾರೆ. ಮೇಲೆ ಉಕ್ಕಿನ ಮಿತಿ, ಕೆಳಗೆ ಕಿವಿಯ ಮಿತಿ, ನಡುವೆ ಗೇಣಿನ ಮಿತಿ. ಇವುಗಳ ಒಳಗೆ ರುಚಿಗೆ ಎಡೆಯುಂಟು. ಆ ಎಡೆಯಲ್ಲಿ ನಮ್ಮ ಸಂಗೀತದ ಮಾತು ಬಾರದಿರದು. ಪತ್ರದ ಕೊನೆಯಲ್ಲಿ ಸೋದರಳಿಯನೂ ಕೇಳಿದ್ದ. ವೀಣೆಯಂತೆ ಷಡ್ಜ ಪಂಚಮ ಷಡ್ಜ ಪಂಚಮವೆಂದು ಬಲಗೈಯ ತಂತಿಗಳನ್ನು ನಿಲ್ಲಿಸಿದರೆ ಹೇಗೆ? ಒಂದೇ ಶ್ರುತಿಯಲ್ಲಿ ಕುಳಿತು ಕೃತಿಗಳನ್ನು ನುಡಿಸುವವನಿಗೆ ಇದರಲ್ಲಿ ಸೌಕರ್ಯವುಂಟು. ಎರಡೆರಡು ತಂತಿಗೊಮ್ಮೆ ಅದೇ ಮೆಟ್ಟಿಲಿನಲ್ಲಿ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ದೊರೆಯುತ್ತದೆ. ಆದರೆ ಅಂತರ ಒಮ್ಮೆ ಐದು, ಒಮ್ಮೆ ಏಳು. ಕಲಿಯಬೇಕಾದ ವಿನ್ಯಾಸಗಳು ಇಮ್ಮಡಿಯಾಗುತ್ತವೆ. ವೀಣೆಯಲ್ಲಿ ಆ ಕಷ್ಟವನ್ನು ಮರೆಸುವಂಥ ಬಿಟ್ಟ ತಂತಿಯ ಝೇಂಕಾರ ಇಲ್ಲಿಲ್ಲ. ತಂತಿ ಮೆಟ್ಟಿಲಿಗೆ ತೀರ ಸಮೀಪವಾಗಿರುವುದರಿಂದ ಗಮಕಗಳಿಗೆ ತಂತಿಯನ್ನು ಎಳೆಯುವುದಕ್ಕೂ ವೀಣೆಯಷ್ಟು ಅವಕಾಶವಿಲ್ಲ. ವೀಣೆಯ ಶ್ರುತಿಯನ್ನು ವೀಣೆಗೇ ಬಿಡು ಎಂದು ಬರೆದೆ.

ಒಂದು ವಿನೋದವನ್ನು ಮಾತ್ರ ಅವನಿಗೆ ತೋರಿಸಿಕೊಟ್ಟೆ. ‘ಸಿ’ಯನ್ನು ಷಡ್ಜವೆಂದಿಟ್ಟುಕೊಂಡರೆ ಎಡಗೈಯ ಐದು ಬಿಟ್ಟ ತಂತಿಗಳು ಷಡ್ಜ, ಪಂಚಮ, ಚತುಶ್ರುತಿ ಋಷಭ, ಚತುಶ್ರುತಿ ಧೈವತ, ಅಂತರಗಾಂಧಾರ, ಎಂದರೆ ಮೋಹನರಾಗದ ಐದು ಸ್ವರಗಳು. ಬಲಗೈಯ ತಂತಿಗಳು ಇವಕ್ಕೆ ಪ್ರತಿಮಧ್ಯಮವನ್ನೂ ಕಾಕಲಿನಿಷಾದವನ್ನೂ ಸೇರಿಸುತ್ತವೆ. ಹತ್ತನ್ನೂ ಒಂದೇ ಸ್ಥಾಯಿಗೆ ತಂದು ಜೋಡಿಸಿದರೆ ಕಲ್ಯಾಣಿ! ಪಂಚಮದ ಮೇಲೆ ಪಂಚಮವನ್ನು ಪೇರಿಸುತ್ತ ಹೋದರೆ ಹೀಗಾಗುವುದು ಗಣಿತದಿಂದ ಸಹಜವೇ. ಚಾಪ್‌ಮನ್ನರು ಕಲ್ಯಾಣಿಯನ್ನು ಉದ್ದೇಶಿಸಿದ್ದರೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆ ತಂತಿಗಳ ಬಾಯಿಗೆ ಪಟ್ಟಿ ಕಟ್ಟಿರುವುದರಿಂದ ಆ ಕಲ್ಯಾಣಿ ಯಾರಿಗೂ ಕೇಳಿಸುವುದೂ ಇಲ್ಲ.

ಹೊಸದಾಗಿ ಇಂಥ ವಾದ್ಯವನ್ನು ಕೊಳ್ಳುವವರಿಗೆ ನನ್ನ ಸಲಹೆಯಿಷ್ಟು. ಮೊದಲ ಆರು ತಿಂಗಳು ಶ್ರುತಿಕ್ರಮವನ್ನು ಬದಲಿಸುವುದು ಬೇಡ. ಎಡಗೈಗೆ ಪಂಚಮಾಂತರ ಆ ಅವಧಿಯಲ್ಲಿ ಒಗ್ಗದಿದ್ದರೆ, ಆಗ ಕಾಗದ ಪೆನ್ಸಿಲು ತೆಗೆದುಕೊಂಡು ಪ್ರತಿಯೊಂದು ತಂತಿಯ ಹೊಸ ಸ್ವರಕ್ಕೂ ಹಳೆಯ ಸ್ವರಕ್ಕೂ ಇರುವ ಪ್ರಮಾಣವನ್ನು ವರ್ಗ ಮಾಡಿ ನೋಡಬೇಕು. ಬಂದ ಸಂಖ್ಯೆ ೦.೮ಕ್ಕಿಂತ ಕಡಮೆಯಾದಲ್ಲಿ ಅಥವಾ ೧.೨ಕ್ಕಿಂತ ಹೆಚ್ಚಾದಲ್ಲಿ ತಂತಿಯನ್ನು ಬದಲಿಸದೆ ಬಿರಡೆಯನ್ನು ಮುಟ್ಟಬಾರದು. ವಾದ್ಯವನ್ನು ಮಾರುವವರು ಈ ಲೆಕ್ಕದ ಒಂದು ಚೀಟಿಯನ್ನು ಪೆಟ್ಟಿಗೆಯೊಳಗೆ ಹಾಕಿಕೊಟ್ಟರೆ ಎಷ್ಟೋ ವಾದ್ಯಗಳು ಅಟ್ಟ ಸೇರದೆ ಉಳಿದಾವು.

ಸೋದರಳಿಯ ಮಂದ್ರದ ತಂತಿಗಳನ್ನು ಮೊದಲಿನ ಪಂಚಮಾಂತರಕ್ಕೇ ತಂದುಕೊಂಡ. ಜರ್ರೆನ್ನುವ ಸದ್ದು ನಿಂತಿತು. ಎಡಗೈ ಇನ್ನೂ ತಡವರಿಸುತ್ತಿದೆಯಂತೆ. ಆದರೂ ವಾದ್ಯವನ್ನು ಮಾರುವ ಮಾತು ಈಗಿಲ್ಲ. ಬಲಗೈಯ ಕೊನೆಯ ತಂತಿಯನ್ನು ಮಾತ್ರ ‘ಡಿ’ಯಿಂದ ಗಿಟಾರಿನ ‘ಇ’ಗೆ, ಅಂದರೆ ೩೨೯.೬ಕ್ಕೆ, ಏರಿಸಬೇಕೆಂಬ ಆಸೆ ಅವನನ್ನು ಬಿಡಲಿಲ್ಲ. ಅವನ ವಾದ್ಯದ ತಂತಿಯ ಉದ್ದ ೮೬ ಸೆಂಟಿಮೀಟರು, ಬೇಡವೆಂದು ಬರೆದೆ. ಲೆಕ್ಕ ಸರಿಯೋ ತಪ್ಪೋ ನೋಡೋಣವೆಂದು ಏರಿಸಿದ. ಎರಡು ತಂತಿಗಳು ಹರಿದುವು. ಮೂರನೆಯದನ್ನು ‘ಡಿ’ಯಲ್ಲಿಯೇ ನಿಲ್ಲಿಸಿದ್ದಾನೆ.